ಟ್ರೈಲರ್ ಎಳೆಯುವ ವಾಹನಗಳಿಗೆ ಟೈರು ಒತ್ತಡ ನಿಗಾ ಸಾಧನ: ಖರೀದಿಗೆ ಮುನ್ನ ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅವಗಾಹನೆಗೆ.

ಬೇಸಿಗೆಯಲ್ಲಿ ಕುಡಿಯುವ ನೀರು ಪೂರೈಸುವ ಟ್ಯಾಂಕರ್, ಸಂಗ್ರಹಿಸಿದ ಕಸವನ್ನು ವಿಲೇವಾರಿ ಘಟಕಕ್ಕೆ ಸಾಗಿಸುವ ಟ್ರೈಲರ್, ಚರಂಡಿಯ ಹೂಳು ಮತ್ತು ಕಾಮಗಾರಿಯ ಸಾಮಗ್ರಿ ಹೊರುವ ಟ್ರೈಲರ್ ಇವೆಲ್ಲವೂ ಟ್ರ್ಯಾಕ್ಟರಿನ ಹಿಂದೆ ಎಳೆಯಲ್ಪಡುವ ವಾಹನಗಳು. ಇವು ಶಾಲೆ, ಅಂಗನವಾಡಿ, ಸಂತೆ ಮತ್ತು ಬಸ್ ನಿಲ್ದಾಣಗಳ ಮುಂದೆಯೇ ಹಾದು ಹೋಗುತ್ತವೆ. ಇವುಗಳ ಸುರಕ್ಷತೆ ಬಹುಮಟ್ಟಿಗೆ ಟೈರಿನೊಳಗಿನ ಗಾಳಿಯನ್ನು ಅವಲಂಬಿಸಿದೆ. ಆ ಗಾಳಿಯ ಒತ್ತಡವನ್ನು ಸದಾ ಅಳೆದು ಚಾಲಕನಿಗೆ ಎಚ್ಚರಿಕೆ ನೀಡುವ ಸಾಧನಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತಿವೆ. ಇವುಗಳನ್ನು ಟೈರು ಒತ್ತಡ ನಿಗಾ ವ್ಯವಸ್ಥೆ ಅಥವಾ ಟಿ.ಪಿ.ಎಂ.ಎಸ್. ಎಂದು ಕರೆಯಲಾಗುತ್ತದೆ. ಆದರೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಬಹುಪಾಲು ಸಾಧನಗಳು ಕಾರಿಗಾಗಿ ತಯಾರಾದವು. ಅವು ಟ್ರ್ಯಾಕ್ಟರ್ ಮತ್ತು ಟ್ರೈಲರಿಗೆ ಒಗ್ಗುವುದಿಲ್ಲ. ಸಾರ್ವಜನಿಕ ಹಣದಿಂದ ಇಂತಹ ಸಾಧನ ಕೊಳ್ಳುವ ಮುನ್ನ ಸದಸ್ಯರು ಪರಿಶೀಲಿಸಬೇಕಾದ ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಟ್ರೈಲರಿಗೆ ನಿಗಾ ಏಕೆ ಹೆಚ್ಚು ಅಗತ್ಯ

ಕಾರಿನ ಟೈರಿನಲ್ಲಿ ಗಾಳಿ ಇಳಿದರೆ ಚಾಲಕನ ಕೈಗೆ ಅದು ತಿಳಿಯುತ್ತದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ವಾಹನ ವಾಲುತ್ತದೆ. ಟ್ರ್ಯಾಕ್ಟರಿನ ಚಾಲಕನಿಗೆ ಈ ಅನುಕೂಲವಿಲ್ಲ. ಟ್ರೈಲರ್ ಒಂದು ಪಿನ್ನಿನ ಮೂಲಕ ಮಾತ್ರ ಜೋಡಣೆಯಾಗಿರುವುದರಿಂದ ಅದರ ಚಕ್ರದ ಸ್ಥಿತಿ ಸ್ಟೀರಿಂಗಿಗೆ ಮುಟ್ಟುವುದಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಹಿಂದಿನ ಶಬ್ದ ಕೇಳುವುದಿಲ್ಲ. ಎತ್ತರದ ತೊಟ್ಟಿಯು ಹಿಂದಿನ ನೋಟವನ್ನು ಮರೆಮಾಡುತ್ತದೆ. ದಾರಿಹೋಕರು ಕೂಗಿ ಹೇಳುವವರೆಗೆ ಅಥವಾ ರಬ್ಬರ್ ಸುಟ್ಟ ವಾಸನೆ ಬರುವವರೆಗೆ ಚಾಲಕನಿಗೆ ವಿಷಯ ತಿಳಿಯದಿರುವುದೇ ಹೆಚ್ಚು.

ಒಂದೇ ಪಕ್ಕದಲ್ಲಿ ಎರಡೆರಡು ಚಕ್ರಗಳಿರುವ ಟ್ಯಾಂಕರುಗಳಲ್ಲಿ ಅಪಾಯ ಇನ್ನೂ ಗುಪ್ತವಾಗಿರುತ್ತದೆ. ಒಂದು ಟೈರು ಇಳಿದಾಗ ಪಕ್ಕದ ಟೈರು ಆ ಭಾರವನ್ನೂ ಹೊತ್ತುಕೊಳ್ಳುವುದರಿಂದ ಹೊರನೋಟಕ್ಕೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. 5000 ಲೀಟರ್ ನೀರಿನ ತೂಕ 5 ಟನ್. ತೊಟ್ಟಿ ಮತ್ತು ಚೌಕಟ್ಟಿನ ತೂಕ ಬೇರೆ. ನಾಲ್ಕು ಚಕ್ರಗಳ ಟ್ಯಾಂಕರಿನಲ್ಲಿ ಪ್ರತಿ ಟೈರು ನೀರಿನದೇ 1.25 ಟನ್ ಭಾರ ಹೊರುತ್ತದೆ. ಜೊತೆಯ ಟೈರು ಕೈಕೊಟ್ಟರೆ ಉಳಿದ ಟೈರಿನ ಮೇಲೆ ಈ ಭಾರ ಸುಮಾರು ಎರಡು ಪಟ್ಟಾಗುತ್ತದೆ. ಹೀಗೆ ಒಂದರ ದೋಷ ಎರಡನ್ನೂ ಕೆಡಿಸುತ್ತದೆ. ತೊಟ್ಟಿ ಅರ್ಧ ತುಂಬಿದ್ದು ನೀರು ಅತ್ತಿತ್ತ ಹೊಯ್ದಾಡುತ್ತಿರುವಾಗ, ತಿರುವಿನಲ್ಲಿ ಟೈರು ಸಿಡಿದರೆ ಟ್ಯಾಂಕರ್ ಮಗುಚುವ ಸಂಭವವಿರುತ್ತದೆ.

ಅಮೆರಿಕದಲ್ಲಿ ಟೈರುಗಳ ವೈಫಲ್ಯದಿಂದಾದ ಅಪಘಾತಗಳ ಹಿನ್ನೆಲೆಯಲ್ಲಿ 2000ರಲ್ಲಿ ಟ್ರೆಡ್ ಎಂಬ ಕಾಯ್ದೆ ಜಾರಿಯಾಯಿತು. ಅದರ ಫಲವಾಗಿ ಹೊಸ ಲಘು ವಾಹನಗಳಲ್ಲಿ ಈ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ, 2024ರ ಜುಲೈಯಿಂದ ಹೊಸ ಲಾರಿ ಮತ್ತು ಭಾರಿ ಟ್ರೈಲರುಗಳಿಗೂ ಇದು ಕಡ್ಡಾಯವಾಗಿದೆ. ನಮ್ಮ ದೇಶದಲ್ಲಿ ಈ ವ್ಯವಸ್ಥೆಗೆ ಎ.ಐ.ಎಸ್. 154 ಎಂಬ ಮಾನದಂಡವಿದೆ. ಆದರೆ ಟ್ರ್ಯಾಕ್ಟರ್ ಟ್ರೈಲರುಗಳಿಗೆ ಇದು ಕಡ್ಡಾಯವಲ್ಲ. ಆದ್ದರಿಂದ ಅಳವಡಿಸಬೇಕೇ, ಎಂತಹುದನ್ನು ಅಳವಡಿಸಬೇಕು ಎಂಬ ವಿವೇಚನೆ ಪಂಚಾಯಿತಿಗೇ ಸೇರಿದ್ದು.

2. ಒತ್ತಡ, ಭಾರ ಮತ್ತು ಶಾಖದ ಸಂಬಂಧ

ಭಾರವನ್ನು ಹೊರುವುದು ಮುಖ್ಯವಾಗಿ ಟೈರಿನೊಳಗೆ ಒತ್ತಡದಲ್ಲಿರುವ ಗಾಳಿ. ರಬ್ಬರ್ ಮತ್ತು ನೂಲಿನ ಪದರಗಳು ಆ ಗಾಳಿಯನ್ನು ಹಿಡಿದಿಡುವ ಚೀಲವಿದ್ದಂತೆ. ಒತ್ತಡ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಪದೇಪದೇ ಬಗ್ಗಿಸಿದರೆ ಅದು ಬಿಸಿಯಾಗಿ ಮುರಿಯುವಂತೆ, ಟೈರು ಕೂಡ ಬಿಸಿಯಾಗಿ ಅದರ ಪದರಗಳು ಬೇರ್ಪಡುತ್ತವೆ. ಸಿಡಿಯುವ ಟೈರುಗಳಲ್ಲಿ ಅನೇಕವು ಆ ಕ್ಷಣದ ಮುಳ್ಳಿನಿಂದ ಸಿಡಿದವುಗಳಲ್ಲ. ಹಲವು ದಿನ ಕಡಿಮೆ ಗಾಳಿಯಲ್ಲಿ ಓಡಿ ಒಳಗೊಳಗೇ ದುರ್ಬಲವಾದವುಗಳು.

ಉಷ್ಣತೆ ಏರಿದಂತೆ ಒತ್ತಡವೂ ಏರುತ್ತದೆ. ಬೆಳಿಗ್ಗೆ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 60 ಪಿ.ಎಸ್.ಐ. ತುಂಬಿಸಿದ ಟೈರಿನೊಳಗಿನ ಗಾಳಿ ಮಧ್ಯಾಹ್ನದ ಓಟದಲ್ಲಿ 62 ಡಿಗ್ರಿಗೆ ಕಾದರೆ, ಒತ್ತಡ ಸುಮಾರು 70 ಪಿ.ಎಸ್.ಐ.ಗೆ ಏರುತ್ತದೆ. ಇದು ಸಹಜ ಏರಿಕೆ. ಇದನ್ನು ಕಂಡು ಚಾಲಕರು 10 ಪಿ.ಎಸ್.ಐ. ಗಾಳಿ ಬಿಟ್ಟರೆ, ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ ಉಳಿಯುವುದು ಸುಮಾರು 51 ಪಿ.ಎಸ್.ಐ. ಮಾತ್ರ. ಬೇಸಿಗೆಯಲ್ಲಿ ಗಾಳಿ ಕಡಿಮೆ ಇರಬೇಕೆಂಬ ರೂಢಿಯ ನಂಬಿಕೆ ಹೀಗೆ ಹಾನಿಕರವಾಗುತ್ತದೆ. ಕಲಬುರಗಿ, ರಾಯಚೂರು ಮೊದಲಾದ ಭಾಗಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ಮೀರುವುದರಿಂದ ಈ ಎಚ್ಚರ ಅಲ್ಲಿ ಇನ್ನೂ ಮುಖ್ಯ. ಒತ್ತಡವನ್ನು ವಾಹನ ಹೊರಡುವ ಮುನ್ನ, ಟೈರು ತಣ್ಣಗಿರುವಾಗ, ನೆರಳಿನಲ್ಲಿ ಅಳೆಯಬೇಕು. ಓಡಿ ಬಂದ ಬಿಸಿ ಟೈರಿನಿಂದ ಗಾಳಿ ಬಿಡಬಾರದು.

3. ಸಾಧನಗಳ ಬಗೆಗಳು

ಪರೋಕ್ಷ ವ್ಯವಸ್ಥೆ: ಇದು ಗಾಳಿಯನ್ನು ಅಳೆಯುವುದಿಲ್ಲ. ಎ.ಬಿ.ಎಸ್. ಬ್ರೇಕ್ ವ್ಯವಸ್ಥೆಯ ನೆರವಿನಿಂದ ಚಕ್ರಗಳು ತಿರುಗುವ ವೇಗದ ವ್ಯತ್ಯಾಸವನ್ನು ಗಮನಿಸಿ ಗಾಳಿ ಇಳಿದಿರುವುದನ್ನು ಊಹಿಸುತ್ತದೆ. ನಮ್ಮ ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಆ ಬ್ರೇಕ್ ವ್ಯವಸ್ಥೆ ಇಲ್ಲದ ಕಾರಣ ಇದನ್ನು ಪರಿಗಣಿಸುವ ಪ್ರಶ್ನೆಯೇ ಇಲ್ಲ.

ನೇರ ವ್ಯವಸ್ಥೆ, ಒಳ ಅಳವಡಿಕೆ: ಸೆನ್ಸರನ್ನು ಚಕ್ರದ ರಿಮ್ಮಿಗೆ ಒಳಗಿನಿಂದ ಜೋಡಿಸಲಾಗುತ್ತದೆ. ಇದು ಕಳುವಾಗುವುದಿಲ್ಲ, ಕಲ್ಲುಮುಳ್ಳಿಗೆ ಸಿಲುಕುವುದಿಲ್ಲ. ಆದರೆ ಇದು ಟ್ಯೂಬ್‌ರಹಿತ ಟೈರುಗಳಿಗೆ ಮಾತ್ರ ಹೊಂದುತ್ತದೆ. ಅನೇಕ ಟ್ರೈಲರುಗಳ ಟೈರುಗಳು ಟ್ಯೂಬ್ ಉಳ್ಳವುಗಳಾದುದರಿಂದ ಇದು ಉಪಯೋಗಕ್ಕೆ ಬಾರದು.

ನೇರ ವ್ಯವಸ್ಥೆ, ಹೊರ ಅಳವಡಿಕೆ: ವಾಲ್ವಿನ ಮುಚ್ಚಳದ ಸ್ಥಾನದಲ್ಲಿ ಪುಟ್ಟ ಸೆನ್ಸರನ್ನು ತಿರುಗಿಸಿ ಕೂರಿಸಲಾಗುತ್ತದೆ. ಅದು ಒತ್ತಡ ಮತ್ತು ಉಷ್ಣತೆಯನ್ನು ಅಳೆದು, ರೇಡಿಯೋ ತರಂಗದ ಮೂಲಕ ಚಾಲಕನ ಮುಂದಿರುವ ಪರದೆಗೆ ಕಳುಹಿಸುತ್ತದೆ. ಟೈರು ಬಿಚ್ಚದೆ ಅಳವಡಿಸಬಹುದು, ಬ್ಯಾಟರಿಯನ್ನು ನಾವೇ ಬದಲಿಸಬಹುದು. ಪಂಚಾಯಿತಿಯ ಟ್ರೈಲರುಗಳಿಗೆ ಸಾಮಾನ್ಯವಾಗಿ ಹೊಂದುವ ಬಗೆ ಇದೇ.

ಮೊಬೈಲ್ ಫೋನನ್ನೇ ಪರದೆಯಾಗಿ ಬಳಸುವ ಸಾಧನಗಳೂ ಇವೆ. ಚಾಲಕರು ಬದಲಾದಾಗ, ಫೋನಿನ ಚಾರ್ಜ್ ಮುಗಿದಾಗ ಅಥವಾ ಫೋನ್ ಜೇಬಿನಲ್ಲಿರುವಾಗ ಇವು ಮೂಕವಾಗುತ್ತವೆ. ಆದ್ದರಿಂದ ವಾಹನಕ್ಕೇ ಸ್ಥಿರವಾಗಿ ಜೋಡಿಸುವ ಪ್ರತ್ಯೇಕ ಪರದೆಯನ್ನು ಆರಿಸುವುದು ಒಳಿತು.

4. ಆಯ್ಕೆಯ ವೇಳೆ ಕೇಳಬೇಕಾದ ಎಂಟು ಪ್ರಶ್ನೆಗಳು

ಮೊದಲನೆಯದು, ಅಳತೆಯ ವ್ಯಾಪ್ತಿ. ಕಾರಿನ ಟೈರಿನಲ್ಲಿ ಸುಮಾರು 30ರಿಂದ 35 ಪಿ.ಎಸ್.ಐ. ಒತ್ತಡವಿರುತ್ತದೆ, ಕಾರಿಗೆಂದೇ ಮಾಡಿದ ಅಗ್ಗದ ಸಾಧನಗಳ ಮಿತಿ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಟ್ರೈಲರಿನ ಟೈರುಗಳಿಗೆ ಇದರ ಎರಡು ಪಟ್ಟು ಅಥವಾ ಮತ್ತೂ ಹೆಚ್ಚು ಒತ್ತಡ ಬೇಕಾಗಬಹುದು. ಅದೇ ವೇಳೆ ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರಗಳಲ್ಲಿ ಒತ್ತಡ 20 ಪಿ.ಎಸ್.ಐ.ಗಿಂತಲೂ ಕಡಿಮೆ ಇರುವುದುಂಟು. ಒಂದೇ ಸಾಧನ ಈ ಎರಡು ತುದಿಗಳನ್ನೂ ಅಳೆಯಬಲ್ಲುದೇ, ಪ್ರತಿ ಅಚ್ಚಿಗೆ ಬೇರೆ ಬೇರೆ ಎಚ್ಚರಿಕೆಯ ಮಟ್ಟ ನಿಗದಿಪಡಿಸಲು ಬರುತ್ತದೆಯೇ ಎಂದು ಕೇಳಬೇಕು. ಎಲ್ಲ ಚಕ್ರಗಳಿಗೂ ಒಂದೇ ಮಟ್ಟವನ್ನು ಹೇರುವ ಸಾಧನ ನಮಗೆ ನಿರುಪಯುಕ್ತ.

ಎರಡನೆಯದು, ಚಕ್ರಗಳ ಸಂಖ್ಯೆ. ಟ್ರ್ಯಾಕ್ಟರಿನ 4 ಮತ್ತು ಟ್ರೈಲರಿನ 2 ಅಥವಾ 4 ಸೇರಿ 6ರಿಂದ 8 ಚಕ್ರಗಳಾಗುತ್ತವೆ. ಒಂದೇ ಟ್ರ್ಯಾಕ್ಟರ್ ಬೆಳಿಗ್ಗೆ ಕಸದ ಟ್ರೈಲರನ್ನೂ ಮಧ್ಯಾಹ್ನ ನೀರಿನ ಟ್ಯಾಂಕರನ್ನೂ ಎಳೆಯುವುದಾದರೆ 12 ಚಕ್ರಗಳವರೆಗೆ ನೋಂದಾಯಿಸಿಕೊಳ್ಳುವ, ಟ್ರೈಲರ್ ಬದಲಿಸಿದಾಗ ಸುಲಭವಾಗಿ ಗುಂಪು ಬದಲಿಸಬಲ್ಲ ಸಾಧನ ಬೇಕು. ಇಲ್ಲದಿದ್ದರೆ ಬಿಚ್ಚಿಟ್ಟ ಟ್ರೈಲರಿನ ಸೆನ್ಸರ್ ಸಿಗುತ್ತಿಲ್ಲವೆಂದು ಸಾಧನ ದಿನವಿಡೀ ಕೂಗುತ್ತದೆ; ಬೇಸತ್ತ ಚಾಲಕರು ಅದನ್ನು ಆರಿಸಿಬಿಡುತ್ತಾರೆ.

ಮೂರನೆಯದು, ಸಂಕೇತದ ದೂರ. ಇಂತಹ ಅನೇಕ ಸಾಧನಗಳು 433 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಉಕ್ಕಿನ ತೊಟ್ಟಿ ಮತ್ತು ಅದರೊಳಗಿನ ನೀರು ರೇಡಿಯೋ ತರಂಗಕ್ಕೆ ಅಡ್ಡಿಯಾಗುತ್ತವೆ. ಅಂಗಡಿಯ ಮೇಜಿನ ಮೇಲೆ ಚೆನ್ನಾಗಿ ತೋರಿದ ಸಾಧನ ತುಂಬಿದ ಟ್ಯಾಂಕರಿನ ಕೊನೆಯ ಚಕ್ರವನ್ನು ಕಾಣದಿರಬಹುದು. ಸಂಕೇತವನ್ನು ಬಲಪಡಿಸುವ ಉಪಕರಣ ಜೊತೆಗೆ ದೊರೆಯುತ್ತದೆಯೇ ಎಂದು ವಿಚಾರಿಸಬೇಕು.

ನಾಲ್ಕನೆಯದು, ನಿಧಾನ ಗತಿ. ಬ್ಯಾಟರಿ ಉಳಿಸುವ ಸಲುವಾಗಿ ಕೆಲವು ಸೆನ್ಸರುಗಳು ಚಕ್ರ ವೇಗವಾಗಿ ತಿರುಗಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಕಾರಿನ ವೇಗಕ್ಕೆ ಹೊಂದಿಸಿದ ಇಂತಹ ಸೆನ್ಸರ್, ನಿಧಾನವಾಗಿ ಸಾಗುವ ಟ್ರ್ಯಾಕ್ಟರಿನಲ್ಲಿ ನಿದ್ರಿಸುತ್ತಲೇ ಇರಬಹುದು. ವೇಗ ಎಷ್ಟೇ ಇರಲಿ, ನಿಂತಿರುವಾಗಲೂ ಅಳೆದು ತಿಳಿಸುವ ಸೆನ್ಸರ್ ಬೇಕೆಂಬುದನ್ನು ಬೇಡಿಕೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಐದನೆಯದು, ಧೂಳು ಮತ್ತು ನೀರು. ಕಸದ ಟ್ರೈಲರನ್ನು ನಿತ್ಯ ತೊಳೆಯಲಾಗುತ್ತದೆ. ಮಲೆನಾಡಿನ ಮಳೆ, ಬಯಲುಸೀಮೆಯ ಧೂಳು ಎರಡನ್ನೂ ಸಾಧನ ತಾಳಬೇಕು. ಸೆನ್ಸರಿಗೆ ಐ.ಪಿ. 67 ದರ್ಜೆ ಇರುವುದು ಅಪೇಕ್ಷಣೀಯ. ಧೂಳು ಒಳಹೋಗದು ಮತ್ತು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು ಎಂಬುದು ಇದರ ಅರ್ಥ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಪರದೆಗೂ ಮಳೆಯ ರಕ್ಷಣೆ ಬೇಕು. ಕಾರಿನ ಗಾಜಿನ ಹಿಂದೆ ಇಡಲು ಮಾಡಿದ ಸೌರ ಪರದೆಗಳು ಇಲ್ಲಿ ಬಾಳುವುದಿಲ್ಲ.

ಆರನೆಯದು, ಎಚ್ಚರಿಕೆಯ ಸ್ವರೂಪ. ಎಂಜಿನ್ ಸದ್ದಿನ ನಡುವೆಯೂ ಕೇಳುವ ಗಟ್ಟಿ ಧ್ವನಿ, ಬಿಸಿಲಿನಲ್ಲಿಯೂ ಕಾಣುವ ಕೆಂಪು ದೀಪ, ಯಾವ ಚಕ್ರವೆಂದು ಚಿತ್ರದಲ್ಲಿಯೇ ತೋರಿಸುವ ಪರದೆ ಇರಬೇಕು. ಇಂಗ್ಲಿಷ್ ಓದು ಬಾರದ ಚಾಲಕರೂ ಅರ್ಥಮಾಡಿಕೊಳ್ಳುವಂತಿರಬೇಕು.

ಏಳನೆಯದು, ವಾಲ್ವಿನ ಸ್ಥಿತಿ. ಮುಚ್ಚಳದ ಸೆನ್ಸರ್ ವಾಲ್ವಿನೊಳಗಿನ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ. ಆದ್ದರಿಂದ ಸೆನ್ಸರಿನ ರಬ್ಬರ್ ಬಿಲ್ಲೆ ಹಳೆಯದಾದರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಅಳವಡಿಸಿದ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಟ್ಯೂಬ್‌ರಹಿತ ಟೈರಿನಲ್ಲಿ ರಬ್ಬರ್ ವಾಲ್ವ್ ಇದ್ದು ಒತ್ತಡ ಹೆಚ್ಚಿದ್ದರೆ, ಸೆನ್ಸರಿನ ಭಾರಕ್ಕೆ ಅದು ಅಲುಗಾಡಿ ಬಿರುಕು ಬಿಡಬಹುದು. ಮೊದಲು ಲೋಹದ ವಾಲ್ವ್ ಹಾಕಿಸಬೇಕು.

ಎಂಟನೆಯದು, ಕಳವು ಮತ್ತು ಬಿಡಿಭಾಗ. ಸೆನ್ಸರಿನ ಕೆಳಗೆ ಬಿಗಿಯುವ, ವಿಶೇಷ ಕೀಲಿಯಿಂದ ಮಾತ್ರ ಬಿಚ್ಚಬಹುದಾದ ನಟ್ಟು ಇದೆಯೇ? ಒಂದು ಸೆನ್ಸರ್ ಕಳೆದರೆ ಅದೊಂದನ್ನೇ ಕೊಂಡು ಜೋಡಿಸಬಹುದೇ, ಇಲ್ಲವೇ ಇಡೀ ಸಾಧನವನ್ನೇ ಕೊಳ್ಳಬೇಕೇ? ಬ್ಯಾಟರಿ ತಾಲ್ಲೂಕು ಕೇಂದ್ರದಲ್ಲಿ ದೊರೆಯುವ ಬಗೆಯದೇ? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು.

5. ಹಣ ಸೀಮಿತವಾಗಿದ್ದರೆ ಆದ್ಯತೆ

ಎಲ್ಲ ಚಕ್ರಗಳಿಗೂ ಒಮ್ಮೆಗೇ ಅಳವಡಿಸಲು ಸಾಧ್ಯವಾಗದಿದ್ದರೆ ಮೊದಲು ಟ್ಯಾಂಕರ್ ಮತ್ತು ಟ್ರೈಲರಿನ ಚಕ್ರಗಳಿಗೆ, ನಂತರ ಟ್ರ್ಯಾಕ್ಟರಿನ ಮುಂದಿನ ಚಕ್ರಗಳಿಗೆ ಅಳವಡಿಸಬಹುದು. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ಚಾಲಕನ ಕಣ್ಣೆದುರಿಗೇ ಇರುತ್ತವೆ; ಅಲ್ಲದೆ ಹಿಡಿತಕ್ಕಾಗಿ ಅವುಗಳಲ್ಲಿ ನೀರು ತುಂಬಿಸುವ ರೂಢಿಯಿದೆ. ನೀರು ತುಂಬಿದ ಚಕ್ರದ ವಾಲ್ವಿಗೆ ಸಾಮಾನ್ಯ ಸೆನ್ಸರ್ ಹಾಕಿದರೆ ಅದು ತುಕ್ಕು ಹಿಡಿದು ಕೆಡುತ್ತದೆ. ಅಂತಹ ಚಕ್ರಗಳನ್ನು ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ನಿಲ್ಲಿಸಿ, ಕೈಮಾಪಕದಿಂದ ಅಳೆಯುವುದೇ ಸರಿಯಾದ ಕ್ರಮ.

ಕೈಮಾಪಕವೇ ಇಲ್ಲದ ಪಂಚಾಯಿತಿಯು ಮೊದಲು ಒಂದು ಉತ್ತಮ ಮಾಪಕವನ್ನು ಕೊಳ್ಳತಕ್ಕದ್ದು. ಅದರ ಬೆಲೆ ಅಲ್ಪ, ಪ್ರಯೋಜನ ಅಪಾರ. ನಿಗಾ ಸಾಧನದ ಅಂಕಿ ಸರಿಯೇ ಎಂದು ತಾಳೆ ನೋಡಲು ಸಹ ಅದು ಬೇಕು.

6. ಎಚ್ಚರಿಕೆಯ ಮಟ್ಟವನ್ನು ನಿಗದಿಪಡಿಸುವುದು

ಟೈರಿನ ಪಕ್ಕದಲ್ಲಿ ಮುದ್ರಿತವಾಗಿರುವ ಅಂಕಿ ಸಾಮಾನ್ಯವಾಗಿ ಗರಿಷ್ಠ ಭಾರಕ್ಕೆ ಸಂಬಂಧಿಸಿದ ಒತ್ತಡ. ನಮ್ಮ ಟ್ರೈಲರ್ ಹೊರುವ ಭಾರಕ್ಕೆ ಎಷ್ಟು ಒತ್ತಡ ಬೇಕೆಂಬುದನ್ನು ಟೈರು ತಯಾರಕರ ಪಟ್ಟಿಯಿಂದ ತಿಳಿದುಕೊಂಡು, ಅದನ್ನು ಟ್ರೈಲರಿನ ಮುಂಭಾಗದಲ್ಲಿ ಬಣ್ಣದಿಂದ ಬರೆಸಬೇಕು. ಆ ತಣ್ಣನೆಯ ಒತ್ತಡಕ್ಕಿಂತ ಶೇ. 15ರಷ್ಟು ಇಳಿದಾಗ ಮೊದಲ ಎಚ್ಚರಿಕೆ, ಶೇ. 25ರಷ್ಟು ಇಳಿದಾಗ ವಾಹನ ನಿಲ್ಲಿಸುವ ಎಚ್ಚರಿಕೆ ಬರುವಂತೆ ಹೊಂದಿಸಬಹುದು. ಅಂದರೆ 60 ಪಿ.ಎಸ್.ಐ. ಬೇಕಾದ ಟೈರಿಗೆ ಈ ಮಟ್ಟಗಳು 51 ಮತ್ತು 45. ಅಮೆರಿಕದ ಕಾರುಗಳ ನಿಯಮದಲ್ಲಿಯೂ ಎಚ್ಚರಿಕೆಯ ದೀಪ ಹೊತ್ತಬೇಕಾದ ಮಿತಿ ಶೇ. 25ರ ಇಳಿಕೆಯೇ. ಮೇಲಿನ ಮಿತಿಯನ್ನು ಬಿಸಿಲಿನ ಸಹಜ ಏರಿಕೆಗೆ ಅವಕಾಶವಿರುವಂತೆ ಇಡಬೇಕು. ಇಲ್ಲವಾದರೆ ಪ್ರತಿ ಮಧ್ಯಾಹ್ನವೂ ಸುಳ್ಳು ಎಚ್ಚರಿಕೆ ಬರುತ್ತದೆ.

ಒತ್ತಡವನ್ನು ಕೆಲವೆಡೆ ಬಾರ್ ಅಥವಾ ಕಿಲೋಪಾಸ್ಕಲ್‌ಗಳಲ್ಲಿ ತೋರಿಸುವುದುಂಟು. 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಅಂದರೆ 14.5 ಪಿ.ಎಸ್.ಐ. ಗೊಂದಲವಾಗದಂತೆ ಎಲ್ಲ ಕಡೆ ಒಂದೇ ಮಾನವನ್ನು ಬಳಸುವುದು ಲೇಸು.

7. ಖರೀದಿ ಮತ್ತು ಸ್ವೀಕಾರ ಪರೀಕ್ಷೆ

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಪ್ರಚಲಿತ ಆದೇಶಗಳಿಗೆ ಅನುಗುಣವಾಗಿರಬೇಕು. ಬೇಡಿಕೆಯಲ್ಲಿ ಕಂಪನಿಯ ಹೆಸರನ್ನು ಬರೆಯದೆ, ಮೇಲೆ ಹೇಳಿದ ಗುಣಗಳನ್ನು ಮಾತ್ರ ಬರೆಯತಕ್ಕದ್ದು. ಕಡಿಮೆ ಬೆಲೆಯೊಂದನ್ನೇ ನೋಡಿ ಕಾರಿನ ಸಾಧನವನ್ನು ಕೊಂಡರೆ ಅದು ಕೆಲವೇ ತಿಂಗಳಲ್ಲಿ ಕಪಾಟು ಸೇರುತ್ತದೆ ಮತ್ತು ಲೆಕ್ಕಪರಿಶೋಧನೆಯಲ್ಲಿ ಪ್ರಶ್ನೆಯಾಗಿ ಹಿಂತಿರುಗುತ್ತದೆ.

ಹಣ ಪಾವತಿಸುವ ಮುನ್ನ ನಮ್ಮದೇ ವಾಹನದಲ್ಲಿ ಈ ಪರೀಕ್ಷೆಯನ್ನು ಮಾಡಿಸಬೇಕು:

(ಅ) ಟ್ಯಾಂಕರನ್ನು ಪೂರ್ಣ ತುಂಬಿಸಿ ಟ್ರ್ಯಾಕ್ಟರಿಗೆ ಜೋಡಿಸಿ, ಎಂಜಿನ್ ಚಾಲೂ ಮಾಡುವುದು.
(ಆ) ಎಲ್ಲ ಚಕ್ರಗಳ ಒತ್ತಡವನ್ನು ಕೈಮಾಪಕದಿಂದ ಅಳೆದು, ಪರದೆಯ ಅಂಕಿಯೊಂದಿಗೆ ತಾಳೆ ನೋಡುವುದು.
(ಇ) ಊರ ಹೊರಗಿನ ರಸ್ತೆಯಲ್ಲಿ ನಿತ್ಯದ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಎಲ್ಲ ಚಕ್ರಗಳ ಸಂಕೇತ ನಿರಂತರವಾಗಿ ಬರುತ್ತಿದೆಯೇ ಎಂದು ನೋಡುವುದು.
(ಈ) ತೊಟ್ಟಿಯನ್ನು ಬರಿದು ಮಾಡಿ, ಟೈರು ತಣಿದ ಮೇಲೆ, ಕೊನೆಯ ಚಕ್ರದ ಸೆನ್ಸರ್ ತೆಗೆದು ಎಚ್ಚರಿಕೆಯ ಮಟ್ಟಕ್ಕಿಂತ ಕೆಳಗೆ ಗಾಳಿ ಇಳಿಸಿ, ಸೆನ್ಸರನ್ನು ಮರಳಿ ಕೂರಿಸುವುದು. ಎಂಜಿನ್ ಸದ್ದಿನ ನಡುವೆ ಎಚ್ಚರಿಕೆ ಕೇಳಿಸಿತೇ, ಎಷ್ಟು ಹೊತ್ತಿಗೆ ಬಂದಿತು ಎಂದು ದಾಖಲಿಸುವುದು.
(ಉ) ಗಾಳಿಯನ್ನು ಮೊದಲಿನ ಮಟ್ಟಕ್ಕೆ ತುಂಬಿಸಿ, ಎಚ್ಚರಿಕೆ ನಿಲ್ಲುವುದನ್ನು ಖಚಿತಪಡಿಸಿಕೊಳ್ಳುವುದು.

ಈ ಪರೀಕ್ಷೆಯಲ್ಲಿ ವಾಹನದ ಚಾಲಕರೇ ಭಾಗವಹಿಸಬೇಕು. ಸಾಧನವನ್ನು ಪ್ರತಿದಿನ ನೋಡುವವರು ಅವರೇ ಆದುದರಿಂದ, ಅವರಿಗೆ ಒಪ್ಪಿಗೆಯಾಗದ ಸಾಧನದಿಂದ ಫಲವಿಲ್ಲ.

8. ಸಾಧನದ ಮಿತಿಗಳು

ನಿಗಾ ಸಾಧನ ಗಾಳಿಯನ್ನು ತುಂಬುವುದಿಲ್ಲ, ಸವೆದ ಟೈರನ್ನು ಗುರುತಿಸುವುದಿಲ್ಲ, ಮಿತಿಮೀರಿದ ಭಾರವನ್ನು ತಡೆಯುವುದಿಲ್ಲ. ಒಳಪದರ ದುರ್ಬಲವಾದ ಟೈರು ಸರಿಯಾದ ಒತ್ತಡದಲ್ಲಿಯೂ ಸಿಡಿಯಬಹುದು. ಮುಚ್ಚಳದ ಸೆನ್ಸರ್ ಹೊರಗಿನ ಗಾಳಿಗೆ ಒಡ್ಡಿಕೊಂಡಿರುವುದರಿಂದ, ಅದು ತೋರುವ ಉಷ್ಣತೆ ಟೈರಿನ ಒಳಗಿನದಕ್ಕಿಂತ ಕಡಿಮೆ ಇರುತ್ತದೆ. ಸಾಧನವಿದೆ ಎಂಬ ಧೈರ್ಯದಲ್ಲಿ ಸ್ವಚ್ಛತಾ ಕಾರ್ಮಿಕರನ್ನು ಟ್ರೈಲರಿನ ಮೇಲೆ ಕೂರಿಸಿ ಸಾಗಿಸುವುದು ಎಂದಿಗೂ ಸಲ್ಲದು.

ಎಚ್ಚರಿಕೆ ಬಂದಾಗ ಏನು ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಿರಬೇಕು. ಚಾಲಕರು ಗಟ್ಟಿಯಾಗಿ ಬ್ರೇಕ್ ಒತ್ತದೆ, ನಿಧಾನಿಸಿ, ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಬೇಕು. ಹೀಗೆ ನಿಲ್ಲಿಸಿದ್ದಕ್ಕಾಗಿ ನೀರು ತಡವಾದರೆ ಸದಸ್ಯರು ಅವರನ್ನು ಆಕ್ಷೇಪಿಸಬಾರದು. ಬೀದಿಯಲ್ಲಿ ಕೊಡಗಳ ಸಾಲು ಕಾದಿರುವಾಗ ಬೇಗ ಬರಬೇಕೆಂಬ ಒತ್ತಾಯ ಸಹಜ. ಆದರೆ ಆ ಒತ್ತಾಯಕ್ಕೆ ಮಣಿದು ಚಾಲಕರು ಎಚ್ಚರಿಕೆಯನ್ನು ಕಡೆಗಣಿಸುವಂತಾದರೆ ಸಾಧನಕ್ಕೆ ಮಾಡಿದ ವೆಚ್ಚ ವ್ಯರ್ಥ.

9. ಸದಸ್ಯರಿಂದ ಅಪೇಕ್ಷಿಸುವ ಕ್ರಮಗಳು

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಪಂಚಾಯಿತಿಯ ಸ್ವಂತ ಹಾಗೂ ಬಾಡಿಗೆಯ ಟ್ರ್ಯಾಕ್ಟರ್, ಟ್ರೈಲರ್ ಮತ್ತು ಟ್ಯಾಂಕರುಗಳ ಪಟ್ಟಿ, ಪ್ರತಿಯೊಂದರ ಚಕ್ರಗಳ ಸಂಖ್ಯೆ, ಟೈರಿನ ಅಳತೆ, ಟ್ಯೂಬ್ ಇದೆಯೇ ಇಲ್ಲವೇ ಎಂಬ ವಿವರಗಳನ್ನು ಸಿದ್ಧಪಡಿಸುವುದು. ಬಾಡಿಗೆ ಟ್ಯಾಂಕರುಗಳ ಕರಾರಿನಲ್ಲಿ ಟೈರಿನ ಸ್ಥಿತಿ ಮತ್ತು ಒತ್ತಡದ ಷರತ್ತನ್ನು ಸೇರಿಸುವುದು. ಪ್ರತಿ ವಾಹನಕ್ಕೆ ಒಂದು ಸಣ್ಣ ವಹಿಯನ್ನಿಟ್ಟು, ವಾರಕ್ಕೊಮ್ಮೆ ತಣ್ಣನೆಯ ಒತ್ತಡವನ್ನು ಕೈಮಾಪಕದಿಂದ ಅಳೆದು ಬರೆಯುವುದು. ತಿಂಗಳಿಗೊಮ್ಮೆ ಒಬ್ಬ ಸದಸ್ಯರು ಅದನ್ನು ನೋಡಿ ಸಹಿ ಮಾಡುವುದು. ಒಂದೇ ಟೈರು ವಾರವಾರವೂ ಗಾಳಿ ಕಳೆದುಕೊಳ್ಳುತ್ತಿದ್ದರೆ ಆ ವಹಿಯೇ ಅದನ್ನು ತಿಳಿಸುತ್ತದೆ.

ನಿಗಾ ಸಾಧನ ಈ ವಹಿಗೆ ಪರ್ಯಾಯವಲ್ಲ. ವಹಿಯನ್ನು ಕ್ರಮವಾಗಿ ಬರೆಯುವ ಪಂಚಾಯಿತಿಗೆ ಸಾಧನವು ದಾರಿಯ ಮೇಲಿನ ಎರಡನೆಯ ಕಾವಲು. ವಹಿಯಿಂದ ಆರಂಭಿಸಿ, ತಮ್ಮ ವಾಹನಕ್ಕೆ ಹೊಂದುವ ಸಾಧನವನ್ನು ಪರೀಕ್ಷಿಸಿ ಕೊಳ್ಳುವಂತೆ ಎಲ್ಲ ಗ್ರಾಮ ಪಂಚಾಯಿತಿಗಳನ್ನು ಕೋರಲಾಗಿದೆ.